ಅಶ್ಲೀಲ ಸೈಟಿಗೆ ಬೇರೆ ಅಡ್ರೆಸ್ ಕೊಟ್ಟು ಬೀಗ ಹಾಕೋಕಾಗುತ್ತಾ?

ಚಿಕ್ಕಬಳ್ಳಾಪುರ ಜಿಲ್ಲೆಲಿ ಈಗ ಯಾವ ಸ್ಕೂಲಿನ ಪೋಷಕರ ಸಭೆಗೆ ಹೋದ್ರೂ ಮಾರ್ಕ್ಸ್ ಕಾರ್ಡ್ ಮಾತು ಬೇಗ ಮುಗಿಯುತ್ತೆ, ಮೊಬೈಲ್ ಮಾತು ಮುಗಿಯೋದೇ ಇಲ್ಲ. ಮಕ್ಕಳು ಏನೇನೋ ನೋಡ್ತಾರೆ ಅಂತ ಒಬ್ರು, ನೀವು ಆನ್‌ಲೈನ್ ಕ್ಲಾಸ್ ಅಂತ ಫೋನ್ ಕೊಡಿಸಿದ್ದಕ್ಕೇ ಹಿಂಗಾಯ್ತು ಅಂತ ಇನ್ನೊಬ್ರು. ಕೊನೆಗೆ ಯಾರಾದ್ರೂ ಎದ್ದು ಒಂದು ಪರಿಹಾರ ಹೇಳೇ ಹೇಳ್ತಾರೆ: "ಮೇಷ್ಟ್ರೇ, ಆ ಥರದ ಸೈಟುಗಳಿಗೆಲ್ಲ ಗೌರ್ಮೆಂಟಿನೋರು ಒಂದು ಬೇರೆ ಅಡ್ರೆಸ್ಸೇ ಮಾಡಿ ಎಲ್ಲಾನೂ ಅಲ್ಲಿಗೆ ತಳ್ಳಿಬಿಡ್ಲಿ, ಆಮೇಲೆ ಅದೊಂದನ್ನ ಬಂದ್ ಮಾಡಿದ್ರೆ ಮುಗೀತಲ್ವಾ?"

ಕೇಳೋಕೆ ಸರಿಯಾಗೇ ಇದೆ. ತಮಾಷೆ ಏನಂದ್ರೆ ಇದನ್ನ ಆಗ್ಲೇ ಮಾಡಿದ್ದಾರೆ. ಡಾಟ್ ಕಾಮ್, ಡಾಟ್ ಇನ್ ಇದ್ದ ಹಾಗೆ ಡಾಟ್ ಎಕ್ಸ್‌ಎಕ್ಸ್‌ಎಕ್ಸ್ ಅಂತ ಒಂದು ಡೊಮೇನ್ 2011ರಿಂದ ಇದೆ, ವಯಸ್ಕರ ಸೈಟುಗಳಿಗೆ ಅಂತಲೇ ಮಾಡಿದ್ದು. ಅದು ಬಂದ ಮೇಲೆ ನಿಮ್ಮನೆ ಫೋನಲ್ಲಿ ಏನಾದ್ರೂ ಬದಲಾಯ್ತಾ? ಇಲ್ಲ. ಯಾಕೆ ಬದಲಾಗ್ಲಿಲ್ಲ ಅನ್ನೋದನ್ನ ಸ್ವಲ್ಪ ನಿಧಾನಕ್ಕೆ ನೋಡ್ಬೇಕು, ಯಾಕಂದ್ರೆ ಈಗ ವಯಸ್ಸು ಚೆಕ್ ಮಾಡೋ ಕಾನೂನು ಬೇಕು, ಆಧಾರ್ ಲಿಂಕ್ ಮಾಡ್ಬೇಕು ಅಂತ ಶುರುವಾಗಿರೋ ಚರ್ಚೆಲೂ ಅದೇ ತೊಡಕುಗಳು ಬೇರೆ ವೇಷ ಹಾಕ್ಕೊಂಡು ಬಂದಿವೆ.

ಮೊದ್ಲು ಅಡ್ರೆಸ್ ಹೆಂಗೆ ಕೆಲಸ ಮಾಡುತ್ತೆ ಅನ್ನೋದು. ವೆಬ್ ಅಡ್ರೆಸ್ಸನ್ನ ಬಲಗಡೆಯಿಂದ ಓದ್ಬೇಕು, ಕೊನೇಲಿ ಇರೋ ಕಾಮ್, ಆರ್ಗ್, ಇನ್ ಅನ್ನೋದೇ ಮೇಲಿನ ಹಂತ. ಯಾವ ಕೊನೆ ಇರ್ಬೇಕು ಯಾವ್ದು ಬೇಡ ಅಂತ ತೀರ್ಮಾನ ಮಾಡೋದು ಐಕ್ಯಾನ್ ಅನ್ನೋ ಸಂಸ್ಥೆ, 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿದ್ದು. ಹೆಸರಿಗೆ ಸ್ವತಂತ್ರ, ಆದ್ರೆ 2016ರವರೆಗೂ ಅಮೆರಿಕದ ವಾಣಿಜ್ಯ ಇಲಾಖೆ ಜತೆ ಕಾಂಟ್ರಾಕ್ಟ್ ಇತ್ತು, ಅದರ ಕಣ್ಗಾವಲಲ್ಲೇ ನಡೀತಿತ್ತು. ನಮ್ಮ ಡಾಟ್ ಇನ್ ನೋಡ್ಕೊಳ್ಳೋದು ನಿಕ್ಸಿ ಅನ್ನೋ ನಮ್ಮ ದೇಶದ ಸಂಸ್ಥೆ. (ಕನ್ನಡ ಲಿಪಿಲೇ ಡಾಟ್ ಭಾರತ ಅಂತಾನೂ ಇದೆ, ನಿಮಗೆ ಗೊತ್ತಿತ್ತಾ? ಬಳಸೋರು ಎಷ್ಟು ಜನ ಅಂತ ಮಾತ್ರ ಕೇಳ್ಬೇಡಿ.)

ಇಷ್ಟರಲ್ಲಿ ಗಮನಿಸ್ಬೇಕಾದ್ದು ಒಂದೇ, ಅಡ್ರೆಸ್ ಅನ್ನೋದು ದಾರಿ ತೋರಿಸೋಕೆ ಇರೋದು, ಒಳಗೆ ಏನಿದೆ ಅಂತ ಹೇಳೋಕಲ್ಲ. ಒಂದೇ ಸರ್ವರ್‌ಗೆ ಹತ್ತು ಹೆಸರು ಇಡ್ಬೋದು, ಇವತ್ತು ಇಟ್ಟ ಹೆಸರು ನಾಳೆ ಬಿಡ್ಬೋದು, ನನ್ನ ಹೆಸರನ್ನ ನಿಮ್ಮ ಸರ್ವರ್ ಕಡೆ ತಿರುಗಿಸೋಕೂ ತಾಂತ್ರಿಕವಾಗಿ ಏನೂ ಅಡ್ಡಿ ಇಲ್ಲ. ಇಂಟರ್ನೆಟ್ ಕಟ್ಟಿದ ಇಂಜಿನಿಯರ್‌ಗಳು ಇದನ್ನ ಬಲವಾಗಿ ಹೇಳಿದ್ರು. 2004ರ ಫೆಬ್ರವರಿಲಿ ಡೊನಾಲ್ಡ್ ಈಸ್ಟ್‌ಲೇಕ್ ಅನ್ನೋರು ಬರೆದ ಆರ್‌ಎಫ್‌ಸಿ 3675 ಅನ್ನೋ ದಾಖಲೆ ಇದೆ, ಅದರ ತಲೆಬರಹದಲ್ಲೇ ಡಾಟ್ ಸೆಕ್ಸ್ ಅನ್ನೋದು ಅಪಾಯಕಾರಿ ಅಂತ ಹಾಕಿದ್ದಾರೆ. ಹೆಸರು ನೋಡಿ ಒಳಗಿರೋದನ್ನ ವಿಂಗಡಿಸೋಕಾಗಲ್ಲ, ಜೊತೆಗೆ ಒಂದು ದೇಶದಲ್ಲಿ ಅಶ್ಲೀಲ ಅನ್ನಿಸೋದು ಇನ್ನೊಂದು ದೇಶದಲ್ಲಿ ಪತ್ರಿಕೆ ಮುಖಪುಟದಲ್ಲಿ ಬರುತ್ತೆ, ಹಂಗಿದ್ಮೇಲೆ ಗೆರೆ ಎಳೆಯೋರು ಯಾರು ಅನ್ನೋದು ಅದರ ಸಾರ. ಹೇಳಿದ್ರು, ಯಾರೂ ಕೇಳ್ಲಿಲ್ಲ.

ಕೇಳದೇ ಇದ್ದಿದ್ದಕ್ಕೆ ಕಾರಣ ಇತ್ತು, ಇದರಲ್ಲಿ ದುಡ್ಡಿತ್ತು. ಐಸಿಎಂ ರಿಜಿಸ್ಟ್ರಿ ಅನ್ನೋ ಕಂಪನಿ ಡಾಟ್ ಎಕ್ಸ್‌ಎಕ್ಸ್‌ಎಕ್ಸ್ ಹೆಸರು ಮಾರೋ ಹಕ್ಕಿಗೆ 2000ದಲ್ಲೇ ಐಕ್ಯಾನ್‌ಗೆ ಅರ್ಜಿ ಹಾಕಿತ್ತು, ಆಗ ಆಗ್ಲಿಲ್ಲ. 2004ರಲ್ಲಿ ಸ್ಟುವರ್ಟ್ ಲಾಲಿ ಅನ್ನೋ ಬ್ರಿಟಿಷ್ ಉದ್ಯಮಿ ಮುಂದಾಳತ್ವದಲ್ಲಿ ಮತ್ತೆ ಹಾಕಿದ್ರು, 2005ರ ಜೂನ್‌ನಲ್ಲಿ ಐಕ್ಯಾನ್ ಬೋರ್ಡು ಸರಿ ಮಾತುಕತೆ ಶುರು ಮಾಡಿ ಅಂತು. ಎರಡೇ ತಿಂಗಳಿಗೆ ಅಮೆರಿಕದ ವಾಣಿಜ್ಯ ಇಲಾಖೆಯಿಂದ ಕಾಗದ ಬಂತು, ನಮಗೆ ಸುಮಾರು 6000 ಪತ್ರ ಇಮೇಲ್ ಬಂದಿವೆ, ಸ್ವಲ್ಪ ತಡೀರಿ ಅಂತ. ಆ ಪತ್ರಗಳ ಹಿಂದೆ ಫ್ಯಾಮಿಲಿ ರಿಸರ್ಚ್ ಕೌನ್ಸಿಲ್ ಥರದ ಸಂಪ್ರದಾಯವಾದಿ ಗುಂಪುಗಳ ಪ್ರಚಾರ ಇತ್ತು, ಈ ದಂಧೆಗೆ ಅಧಿಕೃತ ಮುದ್ರೆ ಒತ್ತಿ ಮರ್ಯಾದೆ ಕೊಡ್ಬೇಡಿ ಅನ್ನೋದು ಅವರ ವಾದ.

ಸರಿ, ಅವರು ವಿರೋಧಿಸಿದ್ದು ಅರ್ಥ ಆಗುತ್ತೆ. ಆದ್ರೆ ಅದೇ ಹೊತ್ತಿಗೆ ಆ ದಂಧೆಯೋರೂ ವಿರೋಧ! ಫ್ರೀ ಸ್ಪೀಚ್ ಕೊಯಲಿಷನ್ ಅಂತ ಅಮೆರಿಕದ ವಯಸ್ಕರ ಉದ್ಯಮದ ಸಂಘ ಇದೆ, ಅವರು ಬೀದಿಲಿ ಬೋರ್ಡ್ ಹಿಡಿದು ಬೇಡ ಅಂದ್ರು. ಇವತ್ತು ಇಷ್ಟ ಬಂದೋರು ಬನ್ನಿ ಅಂತೀರ, ನಾಳೆ ಕಾನೂನು ಮಾಡಿ ಕಡ್ಡಾಯ ಅಂತೀರ, ನಾಡಿದ್ದು ಆ ಒಂದು ಬಾಗಿಲನ್ನ ಹಾಕಿಬಿಟ್ರೆ ನಾವೆಲ್ಲ ಒಟ್ಟಿಗೆ ಮುಗಿದ್ವಿ ಅನ್ನೋ ಭಯ. ಆ ಭಯ ಸುಮ್ನೆ ಬಂದಿದ್ದಲ್ಲ, 2006ರಲ್ಲಿ ಬಾಕಸ್ ಮತ್ತೆ ಪ್ರಯೋರ್ ಅನ್ನೋ ಇಬ್ರು ಅಮೆರಿಕದ ಸೆನೆಟರ್‌ಗಳು ಹೆಚ್ಚು ಕಮ್ಮಿ ಇದೇ ಕಡ್ಡಾಯದ ಮಸೂದೆ ತಂದಿದ್ರು, ಪಾಸಾಗ್ಲಿಲ್ಲ ಅಷ್ಟೇ. ಮಡಿವಂತರೂ ಬೇಡ ಅಂದ್ರು, ಮಾರೋರೂ ಬೇಡ ಅಂದ್ರು, ಬೇಕು ಅಂದಿದ್ದು ಹೆಸರು ಮಾರೋ ಕಂಪನಿ ಮಾತ್ರ.

2006ರ ಮೇನಲ್ಲಿ ಐಕ್ಯಾನ್ ಬೋರ್ಡು ತಿರಸ್ಕಾರ ಮಾಡ್ತು, 2007ರ ಮಾರ್ಚ್‌ನಲ್ಲಿ ಲಿಸ್ಬನ್ ಸಭೆಲಿ ಇನ್ನೊಂದು ಸಲ, 9-5ರಲ್ಲಿ. ಕಂಪನಿ ಬಿಡ್ಲಿಲ್ಲ, ಸ್ವತಂತ್ರ ಪರಿಶೀಲನೆಗೆ ಹೋಯ್ತು. ಅಂತರರಾಷ್ಟ್ರೀಯ ನ್ಯಾಯಾಲಯದ ಅಧ್ಯಕ್ಷರಾಗಿದ್ದ ಸ್ಟೀಫನ್ ಶ್ವೇಬಲ್ ಇದ್ದ ಮೂವರ ಸಮಿತಿ 2010ರ ಫೆಬ್ರವರಿಲಿ 2-1ರಲ್ಲಿ, ಐಕ್ಯಾನ್ ತಾನೇ ಬರ್ಕೊಂಡ ನಿಯಮದಂತೆ ನಡ್ಕೊಂಡಿಲ್ಲ ಅಂತು. ಕೊನೆಗೆ 2011ರ ಮಾರ್ಚ್ 18ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಪ್ಪಿಗೆ, 9 ಜನ ಪರ, 3 ಜನ ವಿರುದ್ಧ, 4 ಜನ ತಟಸ್ಥ. ಎಷ್ಟೋ ದೇಶದ ಸರ್ಕಾರಗಳು ಬೇಡ ಅಂತಿದ್ದಾಗಲೇ ಆದ ತೀರ್ಮಾನ ಇದು, ನಮ್ಮ ದೇಶನೂ ಅದನ್ನ ಬ್ಲಾಕ್ ಮಾಡುತ್ತೆ ಅಂತ ಆಗಲೇ ಪತ್ರಿಕೆಲಿ ಬಂದಿತ್ತು. ಸಾರ್ವಜನಿಕರಿಗೆ ಮಾರಾಟ ಶುರುವಾಗಿದ್ದು ಡಿಸೆಂಬರ್ 6ಕ್ಕೆ.

ಇನ್ನೊಂದು ವಿಷ್ಯ, ಸುಮ್ನೆ ದಿನಾಂಕ ಜೋಡಿಸಿ ನೋಡಿ. ಅದಾಗಿ ಎರಡು ತಿಂಗಳಿಗೆ, 2012ರ ಫೆಬ್ರವರಿಲಿ, ನಮ್ಮ ವಿಧಾನಸಭೆ ಒಳಗೇ ಮೊಬೈಲ್‌ನಲ್ಲಿ ಅಶ್ಲೀಲ ವಿಡಿಯೋ ನೋಡಿದ್ರು ಅನ್ನೋ ಆರೋಪದ ಮೇಲೆ ಮೂವರು ಸಚಿವರು ರಾಜೀನಾಮೆ ಕೊಟ್ರು. ಆ ಗಲಾಟೆ ಪೂರ್ತಿ ನಡೆದಿದ್ದು ಫೋನಲ್ಲಿದ್ದ ಕ್ಲಿಪ್ ಬಗ್ಗೆ. ಯಾವ ಡೊಮೇನ್ ಅಂತ ಯಾರೂ ಕೇಳ್ಲಿಲ್ಲ, ಕೇಳೋ ಪ್ರಶ್ನೆನೂ ಅದಲ್ಲ.

ಮತ್ತೆ ಡಾಟ್ ಎಕ್ಸ್‌ಎಕ್ಸ್‌ಎಕ್ಸ್ ಹೆಸರುಗಳನ್ನ ಕೊಂಡ್ಕೊಂಡೋರು ಯಾರು? ಇದೇ ಈ ಕಥೆಲಿ ನಂಗೆ ಅತಿ ಸ್ವಾರಸ್ಯ ಅನ್ಸೋ ಭಾಗ. ಸಾಮಾನ್ಯ ಡಾಟ್ ಕಾಮ್ ಹೆಸರು ವರ್ಷಕ್ಕೆ 10 ಡಾಲರ್ ಆಸುಪಾಸಲ್ಲಿ ಸಿಗ್ತಿದ್ದ ಕಾಲದಲ್ಲಿ ಇದಕ್ಕೆ ಸಗಟು ರೇಟೇ 60 ಡಾಲರ್. ಸಾರ್ವಜನಿಕ ಮಾರಾಟಕ್ಕೆ ಮೊದ್ಲು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಒಂದು ಕಾಯ್ದಿರಿಸೋ ಅವಧಿ ಇಟ್ಟಿದ್ರು, ಅದರಲ್ಲಿ ಆ ದಂಧೆಗೆ ಸಂಬಂಧವೇ ಇಲ್ಲದ ಕಂಪನಿಗಳಿಗೂ ಒಂದು ಸಾಲು: ಸುಮಾರು 200 ಡಾಲರ್ ಕಟ್ಟಿದ್ರೆ ನಿಮ್ಮ ಟ್ರೇಡ್‌ಮಾರ್ಕ್ ಹೆಸರಲ್ಲಿ ಯಾರೂ ಅಂಥ ಸೈಟ್ ತೆಗೀದ ಹಾಗೆ 10 ವರ್ಷ ಲಾಕ್. ಒಟ್ಟು ಸುಮಾರು 80 ಸಾವಿರ ಅರ್ಜಿ ಬಂದ್ವು. ಯೂನಿವರ್ಸಿಟಿಗಳು ಕೂಡ ಮರ್ಯಾದೆ ಉಳಿಸ್ಕೊಳ್ಳೋಕೆ ತಮ್ಮ ಹೆಸರನ್ನ ತಾವೇ ಕೊಂಡ್ಕೊಂಡ್ವು, ಕಾನ್ಸಾಸ್ ಯೂನಿವರ್ಸಿಟಿ ಅದ್ರಲ್ಲೊಂದು. ಸೈಟ್ ಮಾಡೋಕಲ್ಲ, ಮಾಡದೇ ಇರೋಕೆ ದುಡ್ಡು. ಮ್ಯಾನ್‌ವಿನ್ ಅಂತ ಆಗಿನ ದೊಡ್ಡ ವಯಸ್ಕ ವಿಡಿಯೋ ಕಂಪನಿ (ಆಮೇಲೆ ಮೈಂಡ್‌ಗೀಕ್, ಈಗ ಐಲೋ) ಇದು ಸುಲಿಗೆ ಅಂತ ಕೋರ್ಟಿಗೇ ಹೋಗಿತ್ತು, 2013ರಲ್ಲಿ ರಾಜಿ ಆಯ್ತು. ಅಷ್ಟಕ್ಕೇ ನಿಲ್ಲಿಲ್ಲ, ಡಾಟ್ ಪೋರ್ನ್, ಡಾಟ್ ಅಡಲ್ಟ್, ಡಾಟ್ ಸೆಕ್ಸ್ ಅಂತ ಐಸಿಎಂ ಕಂಪನಿನೇ 2015ರಲ್ಲಿ ಇನ್ನಷ್ಟು ಬಾಗಿಲು ತೆಗೀತು, ಹೆಸರು ಕಾಪಾಡ್ಕೊಳ್ಳೋರು ಮತ್ತೆ ದುಡ್ಡು ಬಿಚ್ಬೇಕು. ಈಗ ಕೈ ಬದಲಾಗಿ ಬದಲಾಗಿ ಎಲ್ಲ ಗೋಡ್ಯಾಡಿ ರಿಜಿಸ್ಟ್ರಿ ಹತ್ರ ಇದೆ.

ಅಸಲಿ ದೊಡ್ಡ ಸೈಟುಗಳು ಮಾತ್ರ ಡಾಟ್ ಕಾಮ್ ಬಿಟ್ಟು ಅಲ್ಲಾಡ್ಲಿಲ್ಲ. ಯಾಕೆ ಬಿಡ್ತಾರೆ? ವರ್ಷಗಟ್ಲೆ ಜನ ಟೈಪ್ ಮಾಡಿ ರೂಢಿ ಆಗಿರೋ ಹೆಸರು, ಗೂಗಲ್ ಸರ್ಚ್‌ನಲ್ಲಿ ಮೇಲೆ ಬರೋ ಹೆಸರು. ಅದನ್ನ ಬಿಟ್ಟು ಒಂದೇ ಏಟಿಗೆ ಬ್ಲಾಕ್ ಆಗೋ ಕಡೆ ಹೋಗಿ ಕೂರೋಕೆ ಅವರಿಗೇನು ತಲೆ ಕೆಟ್ಟಿದ್ಯಾ.

ಹಂಗಾದ್ರೆ ಕಡ್ಡಾಯ ಮಾಡಿದ್ರಾಯ್ತಲ್ಲ ಅಂತೀರ. ನಮ್ಮ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ತಗೊಳ್ಳಿ. ರೇಷ್ಮೆ ಗೂಡನ್ನ ಸರ್ಕಾರಿ ಮಾರ್ಕೆಟ್‌ನಲ್ಲೇ ಮಾರ್ಬೇಕು ಅಂತ 1959ರ ಕಾಯ್ದೆ ಕಾಲದಿಂದ ನಿಯಮ ಇದೆ, ರೈತ ಲಾಟ್ ಹಾಕ್ಬೇಕು, ನೂಲು ತೆಗೆಯೋ ರೀಲರ್ ಹರಾಜಲ್ಲಿ ಕೂಗ್ಬೇಕು, ಈಗ ಮೊಬೈಲಲ್ಲೇ ಹರಾಜು. ಮನೆ ಹತ್ರಾನೇ ಕೊಟ್ಟು ಕಳಿಸೋರು ಇದ್ದೇ ಇರ್ತಾರೆ, ಆದ್ರೂ ವ್ಯವಸ್ಥೆ ನಿಂತಿದೆ. ಯಾಕೆ ನಿಂತಿದೆ ಅಂದ್ರೆ ಗೂಡು ಅಂದ್ರೆ ಗೂಡು, ಅದು ಗೂಡು ಹೌದೋ ಅಲ್ವೋ ಅಂತ ಯಾವ ಅಧಿಕಾರಿನೂ ತಲೆ ಕೆಡಿಸ್ಕೊಳ್ಳಲ್ಲ. ಬೈವೋಲ್ಟೀನ್ ಯಾವ್ದು ಮಿಶ್ರತಳಿ ಯಾವ್ದು ಅಂತ ಕಣ್ಣಲ್ಲೇ ಹೇಳ್ತಾರೆ. ಗೂಡು ಗಾಡಿಲಿ ಬರುತ್ತೆ, ಗಾಡಿ ರಸ್ತೆಲಿ ಬರುತ್ತೆ, ರಸ್ತೆ ಈ ರಾಜ್ಯದ್ದು.

ಅಶ್ಲೀಲ ಅನ್ನೋದಕ್ಕೆ ಈ ಮೂರರಲ್ಲಿ ಒಂದೂ ಇಲ್ಲ. ಸ್ತನ ಕ್ಯಾನ್ಸರ್ ಪರೀಕ್ಷೆ ಹೆಂಗೆ ಮಾಡ್ಕೊಳ್ಳೋದು ಅಂತ ತೋರಿಸೋ ವಿಡಿಯೋ ಯಾವ ಕಡೆ? ಪಿಯುಸಿ ಮಕ್ಕಳಿಗೆ ಸಂತಾನೋತ್ಪತ್ತಿ ಪಾಠ? ದೇವಸ್ಥಾನದ ಹೊರಗೋಡೆ ಮೇಲಿನ ಮಿಥುನ ಶಿಲ್ಪದ ಫೋಟೋ ಹಾಕೋ ಇತಿಹಾಸದ ಪೇಜು? ಲೈಂಗಿಕ ದೌರ್ಜನ್ಯದ ಬಗ್ಗೆ ಮಕ್ಕಳಿಗೆ ತಿಳಿಸೋ ಸೈಟು? ಕಡ್ಡಾಯ ಅಂತ ಕಾನೂನು ಮಾಡಿದ ದಿನವೇ ಇವೆಲ್ಲ ಒಬ್ಬ ಅಧಿಕಾರಿ ಟೇಬಲ್ ಮೇಲೆ ಬಂದು ಕೂರುತ್ವೆ, ಆ ಅಧಿಕಾರಿ ತಪ್ಪು ಮಾಡೋದಾದ್ರೆ ಬಿಗಿ ಕಡೆಗೇ ಮಾಡ್ತಾನೆ, ಸಡಿಲ ಬಿಟ್ರೆ ಬೈಸ್ಕೋಬೇಕಲ್ಲ. ಇನ್ನು ಬೇರೆ ದೇಶದಲ್ಲಿ ಸರ್ವರ್ ಇಟ್ಕೊಂಡು ಕೂತಿರೋನಿಗೆ ನಮ್ಮ ಕಡ್ಡಾಯ ತಗೊಂಡು ಏನಾಗ್ಬೇಕು. ಇಷ್ಟ ಇದ್ರೆ ಬನ್ನಿ ಅಂದ್ರೆ ಯಾರೂ ಬರಲ್ಲ, ಬರಲೇಬೇಕು ಅಂದ್ರೆ ಬರಬಾರದೋರನ್ನೂ ಎಳ್ಕೊಂಡು ಬರ್ಬೇಕು. ಡಾಟ್ ಎಕ್ಸ್‌ಎಕ್ಸ್‌ಎಕ್ಸ್ ಸಿಕ್ಕಿಹಾಕ್ಕೊಂಡಿದ್ದು ಇಲ್ಲೇ.

ಉಲ್ಟಾ ದಾರಿನೂ ಟ್ರೈ ಮಾಡಿದ್ರು. ಕೆಟ್ಟದ್ದನ್ನ ಬೇರೆ ಮಾಡೋ ಬದಲು ಮಕ್ಕಳಿಗೆ ಒಳ್ಳೇದನ್ನ ಬೇರೆ ಮಾಡೋಣ ಅಂತ ಅಮೆರಿಕದಲ್ಲಿ 2002ರಲ್ಲಿ ಕಾನೂನು ಮಾಡಿ ಕಿಡ್ಸ್ ಡಾಟ್ ಯುಎಸ್ ಅಂತ ತೆಗೆದ್ರು, ಹೊರಗಡೆ ಲಿಂಕ್ ಹಾಕೋಂಗಿಲ್ಲ, ಚಾಟ್‌ಗೂ ಕಡಿವಾಣ. ಅಷ್ಟು ಮಡಿ ಇದ್ರೆ ಯಾರು ಬರ್ತಾರೆ, ಬೆರಳೆಣಿಕೆ ಸೈಟು ಬಂದ್ವು, 2012ರಲ್ಲಿ ನಿಲ್ಲಿಸಿದ್ರು. ಈಗ 2022ರಿಂದ ಡಾಟ್ ಕಿಡ್ಸ್ ಅಂತ ಬಂದಿದೆ.

ನಮ್ಮ ದೇಶದ್ದು ನೋಡೋಣ. ಇಲ್ಲಿ ದೊಡ್ಡೋರು ಖಾಸಗಿಯಾಗಿ ನೋಡೋದು ಒಂದು, ಮಾಡಿ ಹಂಚೋದು ಇನ್ನೊಂದು. ಐಟಿ ಕಾಯ್ದೆ 67ಎ ಪ್ರಕಾರ ಲೈಂಗಿಕ ದೃಶ್ಯ ಪ್ರಕಟಿಸಿದ್ರೆ, ಫಾರ್ವರ್ಡ್ ಮಾಡಿದ್ರೂ, ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಮಕ್ಕಳದ್ದಾದ್ರೆ 67ಬಿ, ಅಲ್ಲಿ ಹುಡುಕಿ ನೋಡೋದೂ ಅಪರಾಧ, 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಇನ್ನೂ ಬಿಡಿಸಿ ಹೇಳಿದೆ. ಕಡಿವಾಣದ ವಿಷ್ಯಕ್ಕೆ ಬಂದ್ರೆ, 2013ರಲ್ಲಿ ಕಮಲೇಶ್ ವಾಸ್ವಾನಿ ಅನ್ನೋ ವಕೀಲರು ಎಲ್ಲ ಬಂದ್ ಮಾಡಿ ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ರು. 2015ರ ಜುಲೈನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು, ನಮ್ಮ ರಾಜ್ಯದೋರೇ, ನಾನು ವಯಸ್ಕ, ನನ್ನ ರೂಮಿನ ನಾಲ್ಕು ಗೋಡೆ ಒಳಗೆ ನೋಡೋದನ್ನ ನೀವು ಹೆಂಗೆ ತಡೀತೀರ ಅಂತ ಒಬ್ಬ ಬಂದು ಕೇಳಿದ್ರೆ ಏನು ಮಾಡೋದು ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಅದೇ ತಿಂಗಳ ಕೊನೇಲಿ ಟೆಲಿಕಾಂ ಇಲಾಖೆ 857 ಸೈಟುಗಳ ಪಟ್ಟಿ ಕೊಟ್ಟು ಬ್ಲಾಕ್ ಮಾಡಿ ಅಂತು, ಗಲಾಟೆ ಆಗಿ ಕೆಲವೇ ದಿನಕ್ಕೆ ಸಡಿಲ ಮಾಡಿದ್ರು. ಆಮೇಲೆ 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಹೇಳಿದ ಮೇಲೆ 827 ಸೈಟು ಮತ್ತೆ ಬ್ಲಾಕ್.

ಅವಾಗ ಏನಾಯ್ತು ಅನ್ನೋದು ಈ ಇಡೀ ಚರ್ಚೆಗೆ ಉತ್ತರ ಇದ್ದ ಹಾಗಿದೆ. ಪಟ್ಟಿಲಿದ್ದ ಅತಿ ದೊಡ್ಡ ಸೈಟು ಡಾಟ್ ಕಾಮ್ ಹೋಯ್ತಾ, ಸರಿ ಅಂತ ಡಾಟ್ ನೆಟ್‌ನಲ್ಲಿ ಬಂದು ಕೂತ್ಕೊಂಡ್ತು. ಹೆಸರಿನ ಬಾಲ ಬದಲಾಯ್ತು, ಮಿಕ್ಕಿದ್ದೆಲ್ಲ ಅದೇ. ಬಾಲ ನೋಡಿ ಬೀಗ ಹಾಕ್ತೀವಿ ಅನ್ನೋರು ಇದನ್ನೊಂದು ಸಲ ಯೋಚಿಸ್ಬೇಕು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ 25 ಓಟಿಟಿ ಆಪ್, ಸೈಟುಗಳನ್ನ ಬ್ಲಾಕ್ ಮಾಡ್ತು, ಅದೂ ಪಟ್ಟಿ ಲೆಕ್ಕಾನೇ.

ಈಗ ಪ್ರಪಂಚ ಬೇರೆ ಕಡೆ ತಿರುಗಿದೆ, ಸೈಟನ್ನ ವಿಂಗಡಿಸೋದು ಬಿಟ್ಟು ನೋಡೋರನ್ನ ವಿಂಗಡಿಸೋಣ ಅಂತ. ಬ್ರಿಟನ್‌ನಲ್ಲಿ 2025ರ ಜುಲೈ 25ರಿಂದ ಇಂಥ ಸೈಟುಗಳು ವಯಸ್ಸು ಚೆಕ್ ಮಾಡ್ಲೇಬೇಕು, ಮುಖ ಸ್ಕ್ಯಾನ್, ಕಾರ್ಡ್, ಐಡಿ ಏನಾದ್ರೂ ಒಂದು. ಜನ ಏನು ಮಾಡಿದ್ರು? ಅದೇ ವಾರ ವಿಪಿಎನ್ ಆಪ್‌ಗಳು (ಬೇರೆ ದೇಶದಿಂದ ನೋಡ್ತಿರೋ ಹಾಗೆ ತೋರಿಸೋವು) ಡೌನ್‌ಲೋಡ್ ಪಟ್ಟಿಲಿ ಮೇಲಕ್ಕೆ ಹೋದ್ವು. ಅಮೆರಿಕದಲ್ಲಿ ಟೆಕ್ಸಾಸ್ ರಾಜ್ಯದ ಇಂಥದ್ದೇ ಕಾನೂನನ್ನ ಅಲ್ಲಿನ ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ 6-3ರಲ್ಲಿ ಎತ್ತಿ ಹಿಡೀತು, ಕೇಸ್ ಹಾಕಿ ಸೋತೋರು ಮೇಲೆ ಹೇಳಿದ ಅದೇ ಫ್ರೀ ಸ್ಪೀಚ್ ಕೊಯಲಿಷನ್. ನಮ್ಮಲ್ಲೂ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಲ್ಲಿ ವಿಚಾರಣೆ ನಡೀವಾಗ ಆಧಾರ್ ಥರದ್ದರಿಂದ ವಯಸ್ಸು ಚೆಕ್ ಮಾಡ್ಬೋದಲ್ಲ ಅನ್ನೋ ಮಾತು ಬಂತು.

ಈ ಮಾತಿಗೆ ನನ್ನ ತಕರಾರು ನೇರವಾಗಿದೆ. ದೊಡ್ಡ ಕಂಪನಿಗಳ ಸೈಟು ಬೇಕಾದ್ರೆ ನಿಯಮ ಪಾಲಿಸ್ಬೋದು, ಪಾಲಿಸದೇ ಇರೋ ಸಾವಿರಾರು ಪುಡಿ ಸೈಟುಗಳಿಗೆ ಗಿರಾಕಿ ಜಾಸ್ತಿ ಆಗ್ತಾರೆ, ಅಲ್ಲಿ ಮಕ್ಕಳ ದೌರ್ಜನ್ಯದ ವಿಡಿಯೋ ತೆಗೆಸೋಕೂ ಕೇಳೋರಿಲ್ಲ. ಇನ್ನು ನಮ್ಮೂರುಗಳಲ್ಲಿ ಆಧಾರ್ ಅಂದ್ರೆ ಜೆರಾಕ್ಸ್ ಅಂಗಡಿ ಮೇಜಿನ ಮೇಲೆ ಬಿದ್ದಿರೋ ಕಾಪಿ, ಅಪ್ಪನ ಫೋನಿಗೆ ಬರೋ ಓಟಿಪಿ. ಮನೆಗೆ ಒಂದೇ ಫೋನ್, ಆ ಫೋನಿನ ಲಾಕ್ ಪ್ಯಾಟರ್ನ್ ಅಪ್ಪನಿಗಿಂತ ಚೆನ್ನಾಗಿ ಮಗನಿಗೆ ಗೊತ್ತು, ಓಟಿಪಿ ಯಾರು ಓದ್ತಾರೆ ಅಂತ ನೀವೇ ಹೇಳಿ. ಆದ್ರೆ ಒಂದು ನಿಜ ಒಪ್ಕೋಬೇಕು, ಯಾವ ಅಡ್ಡಿನೂ ಇಲ್ಲದೇ ಹತ್ತು ವರ್ಷದ ಮಗುಗೆ ಒಂದು ಕ್ಲಿಕ್‌ಗೆ ಎಲ್ಲಾ ಸಿಗೋದು ಸರಿ ಅಂತ ಯಾರೂ ವಾದ ಮಾಡೋಂಗಿಲ್ಲ. ದಂಧೆಯೋರು ವಾಕ್ ಸ್ವಾತಂತ್ರ್ಯ ಅಂತ ಕೂಗೋದರಲ್ಲಿ ಅರ್ಧ ಲಾಭದ ಕೂಗು.

ಹಂಗಾದ್ರೆ ಅಡ್ರೆಸ್ ಮಟ್ಟದಲ್ಲಿ ಏನೂ ಮಾಡೋಕಾಗಲ್ವಾ ಅಂದ್ರೆ, ಆಗುತ್ತೆ, ಡೆಲ್ಲಿಲಲ್ಲ, ಫೋನಲ್ಲಿ. ಚಿಂತಾಮಣಿಲಿ ಪರಿಚಯದ ಮೊಬೈಲ್ ಅಂಗಡಿ ಹುಡುಗ ಒಬ್ಬ ಇದ್ದಾನೆ, ಮಕ್ಕಳಿಗೆ ಅಂತ ಫೋನ್ ತಗೊಳ್ಳೋರು ಬಂದ್ರೆ ಟೆಂಪರ್ಡ್ ಗ್ಲಾಸ್ ಹಾಕ್ತಾ ಹಾಕ್ತಾನೇ ಕೇಳ್ತಾನೆ, "ಅಣ್ಣ, ಡಿಎನ್‌ಎಸ್ ಹಾಕಿಕೊಡ್ಲಾ?" ಡಿಎನ್‌ಎಸ್ ಅಂದ್ರೆ ಸೈಟಿನ ಹೆಸರು ಕೊಟ್ರೆ ಅದರ ಸರ್ವರ್ ಎಲ್ಲಿದೆ ಅಂತ ಹುಡುಕಿಕೊಡೋ ವ್ಯವಸ್ಥೆ. ಸೆಟ್ಟಿಂಗ್ಸ್ ಒಳಗೆ ನೆಟ್‌ವರ್ಕ್, ಅದರಲ್ಲಿ ಪ್ರೈವೇಟ್ ಡಿಎನ್‌ಎಸ್, ಅಲ್ಲಿ ಕ್ಲೌಡ್‌ಫ್ಲೇರ್ ಅನ್ನೋ ಕಂಪನಿ ಫ್ಯಾಮಿಲಿ ಸರ್ವಿಸ್ ಹೆಸರು ಟೈಪ್ ಮಾಡಿ ಸೇವ್. ಅರ್ಧ ನಿಮಿಷದ ಕೆಲಸ, ದುಡ್ಡಿಲ್ಲ. ಆಮೇಲೆ ಆ ಫೋನು ಯಾವ ಹೆಸರನ್ನ ಕೇಳಿದ್ರೂ ಮೊದ್ಲು ಅಲ್ಲಿಗೆ ಹೋಗುತ್ತೆ, ಅಶ್ಲೀಲ ಪಟ್ಟಿಲಿರೋ ಹೆಸರಾದ್ರೆ ಅಡ್ರೆಸ್ ಸಿಗಲ್ಲ, ಪೇಜ್ ತೆರ್ಕೊಳ್ಳಲ್ಲ. ಕಾಮ್ ಆದ್ರೂ ನೆಟ್ ಆದ್ರೂ ಅದಕ್ಕೆ ವ್ಯತ್ಯಾಸ ಇಲ್ಲ, ಯಾಕಂದ್ರೆ ಬಾಲ ನೋಡಿ ಅಲ್ಲ, ಒಳಗೇನಿದೆ ಅಂತ ಬೇರೆಯೋರು ನೋಡಿ ಮಾಡಿದ ಪಟ್ಟಿ, ದಿನಾ ಬದಲಾಗ್ತಾ ಇರುತ್ತೆ. ಮುಖ್ಯ ಏನಂದ್ರೆ ಆ ಗೆರೆ ಎಳ್ದಿದ್ದು ಆ ಮನೆಯೋರು, ಅವರ ಮನೆಗೆ ಮಾತ್ರ. ಪಕ್ಕದ ಮನೆ ವಯಸ್ಕನಿಗೆ ಅದರಿಂದ ಏನೂ ತೊಂದ್ರೆ ಇಲ್ಲ, ಯಾರ ಆಧಾರ್ ನಂಬರೂ ಎಲ್ಲೂ ಕೂರಲ್ಲ. ಹುಡುಗ ಜಾಣ ಆಗಿದ್ರೆ ಅದೇ ಸೆಟ್ಟಿಂಗ್ ಹೋಗಿ ಆಫ್ ಮಾಡ್ತಾನೆ, ಅದಕ್ಕೆ ಗೂಗಲ್ ಫ್ಯಾಮಿಲಿ ಲಿಂಕ್ ಥರ ಮಕ್ಕಳ ಫೋನ್ ಮೇಲೆ ಪೋಷಕರು ಹಿಡಿತ ಇಡೋ ಆಪೂ ಜೊತೆಗಿರ್ಬೇಕು. ಹತ್ತನೇ ಕ್ಲಾಸ್ ದಾಟಿದ ಹುಡುಗನಿಗೆ ಇದ್ಯಾವ್ದೂ ಲೆಕ್ಕಕ್ಕಿಲ್ಲ ಅನ್ನೋದು ಬೇರೆ ಮಾತು, ಅವನ ಜತೆ ಕೂತು ಮಾತಾಡ್ಬೇಕು, ನಮ್ಮಲ್ಲಿ ಆ ಮಾತು ಆಡೋಕೆ ಅಪ್ಪಂದಿರಿಗೆ ನಾಚಿಕೆ.

ವಾಟ್ಸಾಪ್, ಟೆಲಿಗ್ರಾಂ ಮುಂದೆ ಮಾತ್ರ ಈ ಡಿಎನ್‌ಎಸ್ಸೂ ಸೋಲುತ್ತೆ, ಅಲ್ಲಿ ಸೈಟೂ ಇಲ್ಲ ಅಡ್ರೆಸ್ಸೂ ಇಲ್ಲ, ಕ್ಲಿಪ್ಪು ಗ್ರೂಪಿಂದ ಗ್ರೂಪಿಗೆ ಹೋಗುತ್ತೆ. ನನ್ನ ಕೇಳಿದ್ರೆ ನಮ್ಮಂಥ ಸಣ್ಣ ಊರುಗಳಲ್ಲಿ ನಿಜವಾದ ಗಾಯ ಆಗ್ತಿರೋದು ಇಲ್ಲೇ. ವಿದೇಶದ ಯಾವ್ದೋ ಸೈಟಿಗಿಂತ, ಕಾಲೇಜ್ ಹುಡುಗಿ ಇನ್‌ಸ್ಟಾದಲ್ಲಿ ಹಾಕಿದ ಫೋಟೋನ ಎಐ ಆಪ್‌ಗೆ ಕೊಟ್ಟು ಬಟ್ಟೆ ಇಲ್ಲದ ಹಾಗೆ ಮಾಡಿ ಹರಿಬಿಡೋದು, ನಂಬಿ ಕಳಿಸಿದ ವಿಡಿಯೋನ ಬ್ರೇಕಪ್ ಆದ್ಮೇಲೆ ಹಂಚೋದು. ಆ ಹುಡುಗಿ ಮನೆಯೋರಿಗೆ ಊರೆಲ್ಲ ಗೊತ್ತಿರುತ್ತೆ, ಊರಿಗೆಲ್ಲ ಅವರು ಗೊತ್ತಿರ್ತಾರೆ. ಅಂಥ ಫೋಟೋ ಇಡೀ ಪ್ರಪಂಚದ ಯಾವ ಡೊಮೇನಲ್ಲಿ ಇರ್ಬೇಕು ಅಂತ ಚರ್ಚೆ ಮಾಡೋದೇ ಅಸಂಬದ್ಧ, ಅದು ಎಲ್ಲೂ ಇರಬಾರದು.

ಇದಕ್ಕೆ ಈಗಿರೋ ಕಾನೂನಲ್ಲೇ ದಾರಿ ಇದೆ, ಗೊತ್ತಿರೋರು ಕಮ್ಮಿ. 2021ರ ಐಟಿ ನಿಯಮ ತಂದಾಗಲೇ ಇಂಥ ಚಿತ್ರದ ಬಗ್ಗೆ ಅದರಲ್ಲಿರೋ ವ್ಯಕ್ತಿ ಅಥವಾ ಅವರ ಪರವಾಗಿ ಯಾರಾದ್ರೂ ದೂರು ಕೊಟ್ರೆ ಫೇಸ್‌ಬುಕ್ ಇನ್‌ಸ್ಟಾಗ್ರಾಂ ಥರದ ಕಂಪನಿಗಳು 24 ಗಂಟೆ ಒಳಗೆ ತೆಗೀಬೇಕು ಅಂತ ಬರೆದ್ರು, ಮಾರ್ಫ್ ಮಾಡಿದ್ದಕ್ಕೂ ಅನ್ವಯ. ಸ್ಟಾಪ್ ಎನ್‌ಸಿಐಐ ಅಂತ ಒಂದು ಸೇವೆ ಇದೆ, 18 ದಾಟಿದೋರಿಗೆ, ಫೋಟೋ ನಿಮ್ಮ ಫೋನ್ ಬಿಟ್ಟು ಎಲ್ಲೂ ಹೋಗಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತೆ, ಅದನ್ನಿಟ್ಕೊಂಡು ಸೇವೆಲಿ ಸೇರಿರೋ ಕಂಪನಿಗಳು ಅದೇ ಚಿತ್ರ ಮತ್ತೆ ಅಪ್‌ಲೋಡ್ ಆಗೋದನ್ನ ತಡೀತಾವೆ. ಪೊಲೀಸ್ ಕಡೆಯಿಂದ ಅಂದ್ರೆ ಜಿಲ್ಲೆಗೊಂದು ಸಿಇಎನ್ ಠಾಣೆ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳಿಗೆ), ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್, 1930 ಸಹಾಯವಾಣಿ. ಹೋಗೋಕೆ ಮುಂಚೆ ಸ್ಕ್ರೀನ್‌ಶಾಟ್, ಲಿಂಕು, ಕಳಿಸಿದ ನಂಬರು, ಟೈಮು ಇಷ್ಟನ್ನ ಉಳಿಸ್ಕೊಳ್ಳಿ, ಗಾಬರಿಲಿ ಚಾಟ್ ಡಿಲೀಟ್ ಮಾಡ್ಬೇಡಿ. ಹುಡುಗಿ ಹದಿನೆಂಟರ ಒಳಗಿದ್ರೆ ಆ ಫೋಟೋನ ಸಾಕ್ಷಿ ಅಂತ ಮಾವಂಗೆ ಚಿಕ್ಕಪ್ಪಂಗೆ ಫಾರ್ವರ್ಡ್ ಮಾಡೋಕೂ ಹೋಗ್ಬೇಡಿ, ಫೋನ್ ಸಮೇತ ಠಾಣೆಗೆ ಹೋಗಿ.